ದೊಣೆ ನೀರು, ವರತೆ ನೀರು

ಆನೆಗೊಂದಿ ಕಡೆಯ ಗುಡ್ಡ ಸುತ್ತಿದ ಮೂವರು ಹುಡುಗರು ಮೊನ್ನೆ ನನ್ನ ಕ್ಲಿನಿಕ್‌ಗೆ ಬಂದರು. ಮೂವರಿಗೂ ವಾಂತಿ, ಭೇದಿ. ಬಾಟಲಿ ಖಾಲಿಯಾದ ಮೇಲೆ ಬಂಡೆ ಮೇಲಿನ ದೊಣೆಯಿಂದ ನೀರು ತುಂಬಿಕೊಂಡಿದ್ದರಂತೆ. "ಕನ್ನಡಿ ಹಂಗ ಇತ್ರೀ ಸರ್, ತಳ ಕಾಣ್ತಿತ್ತು" ಅಂದ ಒಬ್ಬ.

ತಳ ಕಂಡರೆ ನೀರಿನಲ್ಲಿ ಮಣ್ಣಿಲ್ಲ ಅಂತ, ಅಷ್ಟೇ. ದೊಣೆ ಅಂದರೆ ಬಂಡೆಯ ಗುಳಿಯಲ್ಲಿ ನಿಂತ ಮಳೆನೀರು. ಹರಿಯುವುದಿಲ್ಲ, ಇಂಗುವುದಿಲ್ಲ. ಬೇಸಿಗೆಯಲ್ಲಿ ಮಂಗ, ಕುರಿ, ನವಿಲು, ಕರಡಿ ಎಲ್ಲಕ್ಕೂ ಅದೇ ಗತಿ. ಕುಡಿದು ಅಲ್ಲೇ ಹೊಲಸು ಮಾಡುತ್ತವೆ. ಬಿಸಿಲಿಗೆ ನೀರು ಆರಿದರೂ ಹೊಲಸು ಆರುವುದಿಲ್ಲ. (ಸಂಜೆ ಹೊತ್ತು ದೊಣೆ ಹತ್ತಿರ ಕೂರಲೇಬೇಡಿ. ಕರಡಿ ನೀರಿಗೆ ಬರುವ ಸಮಯ ಅದು.)

"ಹಳ್ಳ ಒಣಗಿತ್ತಲ್ರೀ ಸರ್, ಮತ್ತೇನ್ ಮಾಡೋದು?" ಅಂತ ಇನ್ನೊಬ್ಬ ಕೇಳಿದ. ನಮ್ಮ ಕುರಿಗಾಹಿಗಳು ಒಣಗಿದ ಹಳ್ಳವನ್ನೇ ಹುಡುಕುತ್ತಾರೆ. ಹಳ್ಳ ತಿರುಗುವ ಕಡೆ, ಹಸಿರು ಉಳಿದ ಜಾಗ ನೋಡಿ, ಮರಳನ್ನು ಮೊಣಕಾಲುದ್ದ ತೋಡುತ್ತಾರೆ. ಮರಳು ತಣ್ಣಗೆ ಹತ್ತಿದರೆ ಸ್ವಲ್ಪ ಕಾಯುತ್ತಾರೆ. ಮೊದಲು ಜಿನುಗಿದ ರಾಡಿ ನೀರನ್ನು ಎರಡು ಮೂರು ಸಲ ಎತ್ತಿ ಚೆಲ್ಲುತ್ತಾರೆ. ಆಮೇಲೆ ಬರುವುದೇ ವರತೆ ನೀರು. ಮರಳು ಅದನ್ನು ಸೋಸಿರುತ್ತದೆ. ದೊಣೆ ನೀರಿಗಿಂತ ಎಷ್ಟೋ ವಾಸಿ. ಆದರೂ ಹಾಗೇ ಕುಡಿಯಬೇಡಿ.

ಬಟ್ಟೆಯಲ್ಲಿ ಸೋಸಿ, ಕೊತಕೊತ ಒಂದು ನಿಮಿಷ ಕುದಿಸಿದರೆ ಸಾಕು. ಆದರೆ ಕಾಡಲ್ಲಿ ಬೆಂಕಿ ಹಚ್ಚುವಂತಿಲ್ಲ ಅಲ್ವಾ? ಅದಕ್ಕೇ ಜೇಬಲ್ಲಿ ಕ್ಲೋರಿನ್ ಮಾತ್ರೆ ಇರಲಿ. ಹಾಕಿ ಅರ್ಧ ಗಂಟೆ ಬಿಡಿ. ಅದೂ ಇಲ್ಲದಿದ್ದರೆ ನಮ್ಮ ಬಿಸಿಲಿದೆ. ತಿಳಿ ನೀರನ್ನು ಬಣ್ಣವಿಲ್ಲದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಬಂಡೆ ಮೇಲೆ ಅಡ್ಡ ಮಲಗಿಸಿ 6 ಗಂಟೆ ಬಿಟ್ಟರೆ ಬಹುತೇಕ ರೋಗಾಣು ಸಾಯುತ್ತವೆ. ರಾಡಿ ನೀರಿಗೆ ಇದು ನಡೆಯುವುದಿಲ್ಲ.

ಬಟ್ಟೆಯನ್ನು ಹಗುರವಾಗಿ ನೋಡಬೇಡಿ. ನಾರುಹುಣ್ಣು (ಚರ್ಮದಿಂದ ದಾರದಂಥ ಜಂತು ಹೊರಬರುವ ರೋಗ) ಹರಡುತ್ತಿದ್ದುದು ಮೆಟ್ಟಿಲು ಬಾವಿ ನೀರಿನಲ್ಲಿದ್ದ ಸಣ್ಣ ಹುಳದಿಂದ. ಸೋಸಿ ಕುಡಿಯುವುದು ಅದನ್ನು ತಡೆದ ಮುಖ್ಯ ದಾರಿಗಳಲ್ಲಿ ಒಂದು. 2000ದಲ್ಲಿ ಭಾರತ ಅದರಿಂದ ಮುಕ್ತ ಅಂತ ಘೋಷಣೆಯಾಯಿತು.

ಗಂಗಾವತಿ ಕಡೆ ಭತ್ತದ ಗದ್ದೆಯಿಂದ ಬಸಿದು ಬರುವ ನೀರನ್ನು ಮಾತ್ರ ಮುಟ್ಟಬೇಡಿ. ಅದರಲ್ಲಿ ಕೀಟನಾಶಕ ಇರಬಹುದು, ಕುದಿಸಿದರೆ ಹೋಗುವುದಿಲ್ಲ. ಬೋರ್‌ವೆಲ್ ನೀರಿನ ಫ್ಲೋರೈಡ್ ಕೂಡ ಕುದಿತಕ್ಕೆ ಹೋಗುವುದಿಲ್ಲ. ಆದರೆ ಅದು ವರ್ಷಗಟ್ಟಲೆ ಕುಡಿದವರ ಹಲ್ಲು, ಮೂಳೆ ಕೆಡಿಸುವಂಥದ್ದು. ದಾರಿಯಲ್ಲಿ ಒಂದು ಚೊಂಬು ಕುಡಿದವರು ಹೆದರಬೇಕಿಲ್ಲ.

ಇನ್ನು, 40 ಡಿಗ್ರಿ ಬಿಸಿಲಲ್ಲಿ ತಲೆ ಸುತ್ತುತ್ತಿದೆ, ಇರುವುದು ದೊಣೆ ನೀರು ಮಾತ್ರ ಅಂದರೆ? ಕುಡಿಯಿರಿ. ಭೇದಿಗೆ ಔಷಧಿ ಕೊಡಲು ನನಗೆ ಸಮಯ ಇರುತ್ತದೆ, ಬಿಸಿಲಾಘಾತ ಅಷ್ಟು ಸಮಯ ಕೊಡುವುದಿಲ್ಲ. ಊರಿಗೆ ಬಂದ ಮೇಲೆ, ಎರಡು ಮೂರು ವಾರದೊಳಗೆ ಜ್ವರ ಬಂದರೆ ಯಾವ ನೀರು ಕುಡಿದಿದ್ದಿರಿ ಅಂತ ಡಾಕ್ಟರಿಗೆ ಹೇಳಿ. ಟೈಫಾಯ್ಡ್, ಇಲಿ ಜ್ವರ ಮರುದಿನವೇ ಕಾಣಿಸುವುದಿಲ್ಲ.