ವರದಿಯಲ್ಲಿ ವೈರಸ್ ಅನುಕ್ರಮ ಕಂಡರೆ ಬಾಳೆ ತೋಟ ತೆಗೆಯಬೇಕೇ?

ಪ್ರಶ್ನೆ: ನಮ್ಮ ಏಲಕ್ಕಿ ಬಾಳೆಯ ಎಲೆಯನ್ನು ಡಿಎನ್‌ಎ ಸೀಕ್ವೆನ್ಸಿಂಗ್‌ಗೆ ಕಳುಹಿಸಿದ್ದೆವು. ಬನಾನಾ ಸ್ಟ್ರೀಕ್ ವೈರಸ್ಸಿನ ಅನುಕ್ರಮ ಕಂಡುಬಂದಿದೆ ಎಂದು ವರದಿ ಬಂದಿದೆ. ಗಿಡಗಳು ಚೆನ್ನಾಗಿಯೇ ಇವೆ. ತೋಟ ತೆಗೆಯಬೇಕೇ?

ಬೇಡ. ಇದೇ ಉತ್ತರವನ್ನು ಹಲವು ಸಲ ಬರೆದಿದ್ದರೂ, ಅನುಕ್ರಮ (ಡಿಎನ್‌ಎಯ ಅಕ್ಷರಗಳ ಸಾಲು) ಸಿಕ್ಕಿತೆಂದರೆ ವೈರಸ್ ಇದೆ, ವೈರಸ್ ಇದೆಯೆಂದರೆ ರೋಗ ಬಂದಿದೆ ಎಂಬ ನಂಬಿಕೆ ಮಾತ್ರ ಹೋಗುತ್ತಿಲ್ಲ. ಈ ನಂಬಿಕೆಗೆ ಚೆನ್ನಾಗಿರುವ ಗಿಡಗಳು ಬಲಿಯಾಗಬಾರದೆಂದು ಈ ಬಾರಿ ವಿವರವಾಗಿಯೇ ಹೇಳುತ್ತೇನೆ.

ಸೀಕ್ವೆನ್ಸಿಂಗ್ ಯಂತ್ರ ವೈರಸ್ಸನ್ನು ನೋಡುವುದಿಲ್ಲ. ಅರೆದ ಎಲೆಯಿಂದ ತೆಗೆದ ಡಿಎನ್‌ಎ ಅಥವಾ ಆರ್‌ಎನ್‌ಎಯನ್ನು ಅದು ಲಕ್ಷಾಂತರ ತುಣುಕುಗಳಾಗಿ ಓದುತ್ತದೆ, ಆ ತುಣುಕುಗಳಲ್ಲಿ ಬಹುಪಾಲು ಗಿಡದವೇ ಆಗಿರುತ್ತವೆ. ಗೊತ್ತಿರುವ ವೈರಸ್‌ಗಳ ಅನುಕ್ರಮಕ್ಕೆ ಯಾವ ತುಣುಕು ಹೊಂದುತ್ತದೆ ಎಂಬುದನ್ನು ಆಮೇಲೆ ಕಂಪ್ಯೂಟರಿನಲ್ಲಿ ಹೋಲಿಸಿ ನೋಡುತ್ತಾರೆ. ಆದರೆ ಹೊಂದಿದ ತುಣುಕು ವೈರಸ್ ಕಣದೊಳಗಿನಿಂದ ಬಂತೋ ಬಾಳೆಯ ಕ್ರೋಮೋಸೋಮಿನಿಂದ ಬಂತೋ ಎಂಬುದನ್ನು ಆ ಹೋಲಿಕೆಯೊಂದೇ ಹೇಳಲಾರದು.

ಬಾಳೆಯ ಮಟ್ಟಿಗೆ ಎಲ್ಲವೂ ನಿಂತಿರುವುದು ಇದರ ಮೇಲೆಯೇ. ನಾವು ಬೆಳೆಯುವ ತಳಿಗಳ ಮೂಲದಲ್ಲಿ ಎರಡು ಕಾಡುಬಾಳೆಗಳಿವೆ. ಅವುಗಳ ಜೀನೋಮ್‌ಗಳನ್ನು, ಅಂದರೆ ಒಟ್ಟು ಡಿಎನ್‌ಎಯನ್ನು, ಎ ಮತ್ತು ಬಿ ಎಂದು ಗುರುತಿಸುತ್ತಾರೆ. ಏಲಕ್ಕಿ ಬಾಳೆ ಎಬಿ, ನಂಜನಗೂಡು ರಸಬಾಳೆ ಎಎಬಿ. ಸ್ಟ್ರೀಕ್ ವೈರಸ್ಸಿನ ಅನುಕ್ರಮಗಳು ಬಹಳ ಹಿಂದೆಯೇ ಬಾಳೆಯ ಜೀನೋಮಿನೊಳಗೆ ಸೇರಿಹೋಗಿವೆ ಎಂಬುದು 1999ರಲ್ಲಿ ಪ್ರಕಟವಾದ ಅಧ್ಯಯನಗಳಿಂದಲೇ ಸ್ಪಷ್ಟವಾಗಿದೆ, ಅವು ಬಿ ಜೀನೋಮಿನಲ್ಲಿವೆ ಎಂಬುದು ಆಮೇಲಿನ ಅಧ್ಯಯನಗಳಿಂದ ತಿಳಿಯಿತು. ಅವು ತಾಯಿಗಿಡದಿಂದ ಕಂದಿಗೆ ಬಾಳೆಯ ಸ್ವಂತ ಡಿಎನ್‌ಎಯ ಭಾಗವಾಗಿಯೇ ಹೋಗುತ್ತವೆ. ಹಾಗಾಗಿ ಬಿ ಅಂಶವಿರುವ ಬಾಳೆಯ ಡಿಎನ್‌ಎ ಓದಿದಾಗ, ಗಿಡ ಪೂರ್ತಿ ಆರೋಗ್ಯವಾಗಿದ್ದರೂ, ವರದಿಯಲ್ಲಿ ಈ ವೈರಸ್ಸಿನ ಹೆಸರು ಬರಬಹುದು.

ಹಾಗೆಂದು ವರದಿಯನ್ನು ಮೂಲೆಗೆ ಹಾಕುವಂತೆಯೂ ಇಲ್ಲ. ಸೇರಿಹೋದ ಅನುಕ್ರಮಗಳಲ್ಲಿ ಹಲವು ಚೂರುಚೂರಾಗಿದ್ದರೂ ಕೆಲವು ಪೂರ್ತಿಯಾಗಿಯೇ ಉಳಿದಿವೆ. ತಳಿ ಸಂಕರಣ, ಅಂಗಾಂಶ ಕೃಷಿ ಅಥವಾ ಹವಾಮಾನದ ಒತ್ತಡ ಒದಗಿದಾಗ ಅವುಗಳಿಂದ ನಿಜವಾದ ವೈರಸ್ ಹೊರಡಬಲ್ಲದು. ಆಗ ಎಲೆಯ ಮೇಲೆ ನಡುದಿಂಡಿನಿಂದ ಅಂಚಿನ ಕಡೆಗೆ ತುಂಡುತುಂಡಾದ ಹಳದಿ ಗೆರೆಗಳು ಮೂಡಿ, ದಿನ ಕಳೆದಂತೆ ಕಂದಾಗಿ, ಕಪ್ಪಾಗುತ್ತವೆ. ಒಂದು ಎಲೆಯಲ್ಲಿ ಕಂಡ ಗೆರೆ ಮುಂದಿನ ಎಲೆಯಲ್ಲಿ ಕಾಣದಿರುವುದೂ ಉಂಟು. ಗೆರೆ ಕಂಡರೆ ವೈರಸ್ ಕಣವನ್ನೇ ಹಿಡಿಯುವ ಪರೀಕ್ಷೆಯನ್ನೋ, ಉಂಗುರದಾಕಾರದ ಡಿಎನ್‌ಎಯನ್ನಷ್ಟೇ ಹೆಚ್ಚಿಸುವ ಪರೀಕ್ಷೆಯನ್ನೋ ಮಾಡಿಸಿ, ಏಕೆಂದರೆ ಕಣದೊಳಗಿನ ಡಿಎನ್‌ಎ ಉಂಗುರದಂತಿರುತ್ತದೆ, ಕ್ರೋಮೋಸೋಮಿಗೆ ಸೇರಿಹೋದದ್ದು ಹಾಗಿರುವುದಿಲ್ಲ. ಸೋಂಕು ಖಚಿತವಾದರೆ ಆ ಗಿಡದ ಕಂದನ್ನು ನಾಟಿಗೆ ಬಳಸಬೇಡಿ, ಈ ವೈರಸ್ಸನ್ನು ಹರಡುವ ಹಿಟ್ಟು ತಿಗಣೆಯನ್ನು ಹತೋಟಿಯಲ್ಲಿಡಿ.

ಬಾಳೆಯ ತುದಿ ಎಲೆಗಳನ್ನು ಗೊಂಚಲಾಗಿಸುವ ಬಂಚಿಟಾಪ್ ವೈರಸ್ಸಿನ ಮಾತು ಬೇರೆ. ಅದು ಬಾಳೆಯ ಕ್ರೋಮೋಸೋಮಿನಲ್ಲಿ ಕುಳಿತಿರುವಂಥದ್ದಲ್ಲ, ಸಸ್ಯಹೇನಿನಿಂದ ಹರಡುತ್ತದೆ. ಖಚಿತವಾದ ಕೂಡಲೇ ಬುಡವನ್ನೂ ಕಂದುಗಳನ್ನೂ ಸೇರಿಸಿ ಗಿಡವನ್ನು ನಾಶಮಾಡಬೇಕು.

ಇಷ್ಟು ತೊಡಕಿದ್ದರೆ ಸೀಕ್ವೆನ್ಸಿಂಗ್ ಏಕೆ ಬೇಕು ಎಂದು ಯಾರೂ ಕೇಳಿಲ್ಲ, ಆದರೂ ಹೇಳಬೇಕು. ಡಿಎನ್‌ಎಯ ಆಯ್ದ ತುಣುಕನ್ನಷ್ಟೇ ಹೆಚ್ಚಿಸಿ ಗುರುತಿಸುವ ಪಿಸಿಆರ್‌ಗೆ ಯಾವ ವೈರಸ್ಸನ್ನು ಹುಡುಕುತ್ತಿದ್ದೇವೆಂದು ಮೊದಲೇ ಗೊತ್ತಿರಬೇಕು, ಸೀಕ್ವೆನ್ಸಿಂಗ್‌ಗೆ ಗೊತ್ತಿರಬೇಕಾಗಿಲ್ಲ. ತೊಗರಿಯ ಗೊಡ್ಡು ರೋಗವನ್ನು ಬಿಹಾರದ ಪೂಸಾದಲ್ಲಿ 1931ರಲ್ಲೇ ದಾಖಲಿಸಿದ್ದರು. ನುಸಿ ಅದನ್ನು ಹರಡುತ್ತದೆ ಎಂಬುದು 1960ರ ದಶಕದಲ್ಲಿ ತಿಳಿಯಿತು. ಆದರೆ ರೋಗದ ಹಿಂದಿನ ವೈರಸ್ಸನ್ನು ಪಟಾನ್‌ಚೆರುವಿನ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ಗುರುತಿಸುವ ಹೊತ್ತಿಗೆ 2000ನೇ ಇಸವಿ ಬಂದಿತ್ತು. ಅದರ ಪೂರ್ತಿ ಅನುಕ್ರಮವನ್ನು ಓದಲು ಹೊರಟಾಗ, ಅದೇ ರೋಗದ ಗಿಡಗಳಲ್ಲಿ ಯಾರೂ ಹುಡುಕದೇ ಇದ್ದ ಎರಡನೆಯ ವೈರಸ್ಸೂ ಸಿಕ್ಕಿತು. ರೋಗನಿರೋಧಕ ತೊಗರಿ ತಳಿಯನ್ನು ಆರಿಸುವವರು ಈಗ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿದೆ.