ಸ್ವದೇಶಿ ಕಾರು: ಲಾಂಛನ ಬಿಡಿ, ಸೀಟು ಎಲ್ಲಿಂದ ಬಂತು ಕೇಳಿ

2024ರ ಮೇ ತಿಂಗಳಲ್ಲಿ ಇಟಲಿಯ ಲಿವೋರ್ನೊ ಬಂದರಿನಲ್ಲಿ ಅಲ್ಲಿನ ಹಣಕಾಸು ಪೊಲೀಸರು 134 ಪುಟ್ಟ ಫಿಯೆಟ್ ಟೊಪೊಲಿನೊ ಗಾಡಿಗಳನ್ನು ಮುಟ್ಟುಗೋಲು ಹಾಕಿಕೊಂಡರು. ಗಾಡಿಗಳಲ್ಲಿ ಕಳ್ಳಮಾಲು ಏನೂ ಇರಲಿಲ್ಲ. ಮೊರಾಕೊದಲ್ಲಿ ತಯಾರಾಗಿ ಬಂದ ಅವುಗಳ ಮೈಮೇಲೆ ಇಟಲಿಯ ತ್ರಿವರ್ಣದ ಸಣ್ಣ ಸ್ಟಿಕರ್ ಇತ್ತು, ಅಷ್ಟೇ ತಪ್ಪು. ಅದರ ಹಿಂದಿನ ತಿಂಗಳು ಆಲ್ಫಾ ರೋಮಿಯೊ ಕಂಪನಿ ‘ಮಿಲಾನೊ’ ಎಂಬ ಹೊಸ ಕಾರನ್ನು ಅನಾವರಣ ಮಾಡಿ, ಕೆಲವೇ ದಿನಗಳಲ್ಲಿ ಅದರ ಹೆಸರನ್ನು ‘ಜೂನಿಯರ್’ ಎಂದು ಬದಲಿಸಬೇಕಾಗಿ ಬಂದಿತ್ತು. ಆ ಕಾರು ತಯಾರಾಗುವುದು ಪೋಲೆಂಡಿನಲ್ಲಿ. ಪೋಲೆಂಡಿನ ಕಾರಿಗೆ ಇಟಲಿಯ ನಗರದ ಹೆಸರಿಟ್ಟರೆ ಗ್ರಾಹಕರ ಕಣ್ಣಿಗೆ ಮಣ್ಣೆರಚಿದಂತೆ ಎಂದು ಅಲ್ಲಿನ ಕೈಗಾರಿಕಾ ಸಚಿವರೇ ತಕರಾರು ತೆಗೆದಿದ್ದರು.

ಕಾರಿನ ಬಿಡಿಭಾಗಗಳ ಖರೀದಿಯೇ ಕಸುಬಾಗಿರುವ ನನ್ನಂಥವರಿಗೆ ಈ ಸುದ್ದಿ ಓದಿ ನಗು ಬರುತ್ತದೆ. ಆದರೆ ಸಚಿವರ ಕೋಪದಲ್ಲಿ ಹುರುಳಿಲ್ಲ ಎನ್ನಲಾರೆ. ‘ಎಲ್ಲ ದೇಶದ ಸಾಮಾನೂ ಎಲ್ಲ ಕಾರಿನಲ್ಲೂ ಇರುವಾಗ ನಮ್ಮ ದೇಶದ ಕಾರನ್ನೇ ಕೊಳ್ಳಬೇಕು ಅನ್ನುವುದಕ್ಕೆ ಅರ್ಥ ಇದೆಯೇ’ ಎಂದು ಹೊಸ ಕಾರು ಕೊಳ್ಳುವವರು ಕೇಳುತ್ತಲೇ ಇರುತ್ತಾರೆ. ಅರ್ಥ ಇದೆ ಎಂದೇ ನನ್ನ ಉತ್ತರ. ಕಾರಿನ ಮೂತಿಯ ಮೇಲಿನ ಲಾಂಛನ ನೋಡಿ ಕೊಳ್ಳುವುದಾದರೆ ಮಾತ್ರ ಅರ್ಥವಿಲ್ಲ.

ಬ್ರಿಟನ್ನಿನ ಗ್ರಾಹಕರೊಬ್ಬರ ಮುಂದೆ ಎರಡು ಗಾಡಿಗಳಿವೆ ಎಂದುಕೊಳ್ಳಿ. ಒಂದು ಲ್ಯಾಂಡ್ ರೋವರ್ ಡಿಫೆಂಡರ್. ಹೆಸರು, ಚಹರೆ, ಚರಿತ್ರೆ ಎಲ್ಲ ಅಪ್ಪಟ ಬ್ರಿಟಿಷ್. ಎಂಜಿನಿಯರಿಂಗ್ ಕೆಲಸ ಈಗಲೂ ಅಲ್ಲಿನ ಗೇಡನ್‌ನಲ್ಲೇ ನಡೆಯುತ್ತದೆ. ಆದರೆ 2008ರಿಂದ ಮಾಲೀಕತ್ವ ಭಾರತದ ಟಾಟಾ ಸಮೂಹದ್ದು, ಈಗಿನ ಡಿಫೆಂಡರ್ ಜೋಡಣೆಯಾಗುವುದು ಸ್ಲೊವಾಕಿಯಾದ ನಿಟ್ರಾದಲ್ಲಿ. ಇನ್ನೊಂದು ನಿಸಾನ್ ಕಶ್ಕಾಯ್. ಲಾಂಛನ ಜಪಾನಿನದು. ಅದು ತಯಾರಾಗುವುದು 1986ರಿಂದ ಓಡುತ್ತಿರುವ ಸಂಡರ್‌ಲ್ಯಾಂಡ್ ಕಾರ್ಖಾನೆಯಲ್ಲಿ, ವಿನ್ಯಾಸ ಲಂಡನ್ನಿನದು, ಎಂಜಿನಿಯರಿಂಗ್‌ನಲ್ಲಿ ಕ್ರ್ಯಾನ್‌ಫೀಲ್ಡ್‌ನ ತಾಂತ್ರಿಕ ಕೇಂದ್ರದ ಪಾಲು ದೊಡ್ಡದು. ‘ನಮ್ಮವರಿಗೆ ಕೆಲಸ ಸಿಗಲಿ’ ಎಂಬ ಆಸೆಯಿಂದ ಕಾರು ಕೊಳ್ಳುವ ಬ್ರಿಟಿಷ್ ಗ್ರಾಹಕರಿಗೆ ನಾನು ತೋರಿಸುವುದು ಎರಡನೆಯದನ್ನು. ಲಾಭ ಜಪಾನಿಗೆ ಹೋಗುತ್ತದಲ್ಲ ಎಂಬ ಆಕ್ಷೇಪ ಬರುತ್ತದೆ. ಹೋಗಲಿ. ಸಾಮಾನ್ಯ ಕಾರೊಂದರ ಮಾರಾಟ ಬೆಲೆಯಲ್ಲಿ ಕಂಪನಿಯ ನಿವ್ವಳ ಲಾಭ ತೀರ ಸಣ್ಣ ತುಣುಕು. ದುಡ್ಡಿನ ದೊಡ್ಡ ಪಾಲು ಹೋಗುವುದು ಬಿಡಿಭಾಗಗಳಿಗೆ.

ಹಾಗಾಗಿ ಬಿಡಿಭಾಗಗಳ ಮಾತನ್ನೇ ಆಡೋಣ. ಒಂದೊಂದು ಬೋಲ್ಟನ್ನೂ ಎಣಿಸಿದರೆ ಒಂದು ಕಾರಿನಲ್ಲಿ ಸುಮಾರು 30,000 ಭಾಗಗಳಿರುತ್ತವೆ. ಇವುಗಳಲ್ಲಿ ಯಾವುದು ಹತ್ತಿರದಿಂದ ಬರಬೇಕು, ಯಾವುದು ಸಮುದ್ರ ದಾಟಿ ಬಂದರೂ ನಡೆಯುತ್ತದೆ ಎನ್ನುವುದನ್ನು ದೇಶಾಭಿಮಾನ ತೀರ್ಮಾನಿಸುವುದಿಲ್ಲ. ಗಾತ್ರ, ತೂಕ, ಕೂಲಿ ತೀರ್ಮಾನಿಸುತ್ತವೆ.

ಸೀಟನ್ನೇ ನೋಡಿ. ಲಾರಿಯಲ್ಲಿ ಸೀಟು ಸಾಗಿಸುವುದೆಂದರೆ ಮುಕ್ಕಾಲು ಪಾಲು ಗಾಳಿ ಸಾಗಿಸಿದಂತೆ. ಮೇಲಾಗಿ ಬಣ್ಣ, ಬಟ್ಟೆ, ಚರ್ಮ, ಬಿಸಿಯಾಗುವ ಸೀಟು, ಆಗದ ಸೀಟು ಎಂದು ನೂರೆಂಟು ಬಗೆ. ಇವನ್ನೆಲ್ಲ ಗೋದಾಮಿನಲ್ಲಿ ಪೇರಿಸಿಡಲು ಯಾವ ಕಾರ್ಖಾನೆಗೂ ಜಾಗವಿಲ್ಲ. ಬಣ್ಣ ಹೊಡೆದ ಬಾಡಿ ಜೋಡಣೆಯ ಲೈನಿಗೆ ಇಳಿಯುತ್ತಿದ್ದಂತೆ ಸೀಟು ಮಾಡುವ ವೆಂಡರ್‌ಗೆ ಸಂದೇಶ ಹೋಗುತ್ತದೆ: ಮುಂದಿನ ಗಾಡಿಗೆ ಕಪ್ಪು, ಅದರ ಮುಂದಿನದಕ್ಕೆ ಕಂದು. ವೆಂಡರ್ ಅದೇ ಸರದಿಯಲ್ಲಿ ಸೀಟು ಕಟ್ಟಿ, ಇಳಿಸುವಾಗ ಸರದಿ ತಪ್ಪದಂತೆ ಲಾರಿಗೆ ಹಿಂದುಮುಂದಾಗಿ ತುಂಬಿ ಕಳಿಸುತ್ತಾನೆ. ಇಷ್ಟಕ್ಕೂ ಸಿಗುವುದು ಕೆಲವೇ ಗಂಟೆ. ಆದ್ದರಿಂದ ಕಾರು ಎಲ್ಲಿ ಜೋಡಣೆಯಾಗುತ್ತದೋ ಅದರ ಮಗ್ಗುಲಲ್ಲೇ ಸೀಟಿನ ಕಾರ್ಖಾನೆ ಏಳುತ್ತದೆ. ಬಂಪರು, ಡ್ಯಾಶ್‌ಬೋರ್ಡು, ಇಂಧನ ಟ್ಯಾಂಕು, ದೊಡ್ಡ ಲೋಹದ ತಗಡು ಒತ್ತುವ ಪ್ರೆಸ್ಸುಗಳದ್ದೂ ಹೆಚ್ಚುಕಮ್ಮಿ ಇದೇ ಕಥೆ. ಇವರಿಗೆ ಅಚ್ಚು, ಡೈ ಮಾಡಿಕೊಡುವ ಟೂಲ್ ರೂಮುಗಳು, ಅವರಿಗೆ ಉಕ್ಕು ಹದಮಾಡಿಕೊಡುವ ಸಣ್ಣ ಘಟಕಗಳು ಹಿಂದೆಯೇ ಬರುತ್ತವೆ.

ವೈರಿಂಗ್ ಹಾರ್ನೆಸ್, ಅಂದರೆ ಕಾರಿನೊಳಗಿನ ವಿದ್ಯುತ್ ತಂತಿಗಳ ಕಟ್ಟು, ಇದಕ್ಕೆ ಪೂರಾ ಉಲ್ಟಾ. ಮೊಳೆ ಹೊಡೆದ ಉದ್ದನೆಯ ಹಲಗೆಯ ಮೇಲೆ ನೂರಾರು ತಂತಿಗಳನ್ನು ಒಂದೊಂದಾಗಿ ಕೈಯಲ್ಲೇ ಹಾಸಿ, ಟೇಪು ಸುತ್ತಿ, ಕನೆಕ್ಟರ್ ಸಿಕ್ಕಿಸಬೇಕು. ಯಂತ್ರಕ್ಕೆ ಈ ಕೆಲಸ ಇನ್ನೂ ಒಗ್ಗಿಲ್ಲ. ಹೀಗಾಗಿ ಕೂಲಿ ಕಡಿಮೆಯಿರುವ ಕಡೆಗೆ ಅದು ಹೋಗುತ್ತದೆ: ಮೊರಾಕೊ, ಟ್ಯುನಿಷಿಯಾ, ಮೆಕ್ಸಿಕೊ, ಫಿಲಿಪ್ಪೀನ್ಸ್, ಉಕ್ರೇನ್. 2022ರ ಫೆಬ್ರುವರಿಯಲ್ಲಿ ಉಕ್ರೇನಿನ ಮೇಲೆ ಯುದ್ಧ ಶುರುವಾದಾಗ ಫೋಕ್ಸ್‌ವ್ಯಾಗನ್, ಬಿಎಂಡಬ್ಲ್ಯುನಂಥ ಕಂಪನಿಗಳ ಜರ್ಮನಿಯ ಲೈನುಗಳು ನಿಂತದ್ದು ಈ ತಂತಿಯ ಕಟ್ಟಿಗಾಗಿ. ಮ್ಯೂನಿಕ್‌ನಲ್ಲಿ ತಯಾರಾಗುವ ಕಾರು ಜರ್ಮನಿಯದೇ ಎಂದು ಅಲ್ಲಿಯವರೆಗೆ ನಂಬಿದ್ದವರಿಗೆ ಅದರ ನರಮಂಡಲ ಎಲ್ಲಿಯದು ಎಂದು ಆ ವಾರ ಗೊತ್ತಾಯಿತು.

ಕಾಗದದ ಮೇಲಿನ ಲೆಕ್ಕವನ್ನು ಪೂರಾ ನಂಬಬೇಡಿ. ಅಮೆರಿಕದಲ್ಲಿ 1992ರ ಕಾನೂನಿನಂತೆ ಹೊಸ ಕಾರಿನ ಗಾಜಿನ ಮೇಲೆ ಒಂದು ಚೀಟಿ ಇರಬೇಕು: ಬಿಡಿಭಾಗಗಳ ಮೌಲ್ಯದಲ್ಲಿ ದೇಶಿ ಪಾಲೆಷ್ಟು, ಎಂಜಿನ್ ಎಲ್ಲಿಯದು, ಗೇರ್‌ಬಾಕ್ಸ್ ಎಲ್ಲಿಯದು, ಅಂತಿಮ ಜೋಡಣೆ ಎಲ್ಲಿ. ಒಳ್ಳೆಯ ಚೀಟಿಯೇ. ಆದರೆ ‘ದೇಶಿ’ ಎಂಬಲ್ಲಿ ಕೆನಡಾವೂ ಸೇರಿದೆ. ಅಂತಿಮ ಜೋಡಣೆಯ ಕೂಲಿ ಆ ಶೇಕಡಾವಾರಿನಲ್ಲಿ ಸೇರಿಲ್ಲ. ಚಾಸಿ ನಂಬರಿನ ಮೊದಲ ಅಕ್ಷರ ನೋಡಿ ದೇಶ ಹೇಳುವ ಜಾಣರೂ ಇದ್ದಾರೆ. ಅಮೆರಿಕದ ಸ್ಪಾರ್ಟನ್‌ಬರ್ಗ್‌ನಲ್ಲಿ ತಯಾರಾಗುವ ಬಿಎಂಡಬ್ಲ್ಯು ಎಕ್ಸ್5ಕ್ಕೆ ಅದು ಸರಿ, ಅಮೆರಿಕದ 5 ಎಂಬ ಅಂಕಿಯೇ ಅಲ್ಲಿರುತ್ತದೆ. ಪೋರ್ಷ ಕೇಯೆನ್‌ಗೆ ಸರಿಯಲ್ಲ: ನಂಬರು ಜರ್ಮನಿಯ ‘ಡಬ್ಲ್ಯು’ ಎನ್ನುತ್ತದೆ, ಕಾರು ಸ್ಲೊವಾಕಿಯಾದ ಬ್ರಾಟಿಸ್ಲಾವಾದಿಂದ ಬರುತ್ತದೆ.

ಜೋಡಣೆಯೇ ಊರು ಬಿಟ್ಟರೆ ಏನಾಗುತ್ತದೆ ಎಂದು ತಿಳಿಯಲು ಆಸ್ಟ್ರೇಲಿಯಾ ನೋಡಬೇಕು. ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಕಾರು ಮಾರಾಟವಾಗುವ ದೇಶ ಅದು. ಆಮದು ಸುಂಕ ಇಳಿಯುತ್ತಾ 2010ರಲ್ಲಿ ಶೇ 5ಕ್ಕೆ ಬಂತು, ಆಸ್ಟ್ರೇಲಿಯಾದ ಡಾಲರ್ ದುಬಾರಿಯಾಯಿತು, ಗ್ರಾಹಕರು ಹತ್ತಾರು ಬ್ರ್ಯಾಂಡುಗಳಿಗೆ ಹಂಚಿಹೋದರು. ದೇಶಿ ಕಾರ್ಖಾನೆಗಳಿಗೆ ಸಾಕಾಗುವಷ್ಟು ಸಂಖ್ಯೆ ಯಾರಿಗೂ ಉಳಿಯಲಿಲ್ಲ. ಫೋರ್ಡ್ 2016ರ ಅಕ್ಟೋಬರಿನಲ್ಲಿ ಮುಚ್ಚಿತು. ಮರುವರ್ಷ ಅದೇ ತಿಂಗಳಲ್ಲಿ ಮೊದಲು ಟೊಯೊಟಾ, ಆಮೇಲೆ ಹೋಲ್ಡನ್. ಮೂವರಿಗೂ ಒಂದೇ ವೆಂಡರ್ ಬಳಗ ಭಾಗ ಪೂರೈಸುತ್ತಿದ್ದುದರಿಂದ, ಒಬ್ಬರು ಹೊರಟಾಗ ಉಳಿದವರ ಬಿಡಿಭಾಗದ ವೆಚ್ಚ ಏರುವುದು ಖಚಿತವಿತ್ತು. ಇದು ನಮ್ಮ ಕಸುಬಿನವರಿಗೆ ಚೆನ್ನಾಗಿ ಗೊತ್ತಿರುವ ಗಣಿತ: ಡೈ ಮಾಡಿಸುವ ಖರ್ಚು ಅಷ್ಟೇ ಇರುತ್ತದೆ, ಅದನ್ನು ಹಂಚಿಕೊಳ್ಳುವ ಕಾರುಗಳು ಕಡಿಮೆಯಾಗುತ್ತವೆ. ಮುಚ್ಚಿದ ಕಾರ್ಖಾನೆಯನ್ನು ದುಡ್ಡು ಸುರಿದು ಮತ್ತೆ ಕಟ್ಟಬಹುದು. ಡೈಯನ್ನು ಮುಟ್ಟಿ ನೋಡಿಯೇ ದೋಷ ಹೇಳುವ ಕೆಲಸಗಾರರನ್ನು ವಾಪಸು ಒಟ್ಟುಹಾಕುವುದು ಹೇಗೆ?

ಹಾಗೆಂದು ಜೋಡಣೆ ದೇಶದೊಳಗೇ ಇದ್ದರೆ ನಿಶ್ಚಿಂತೆ ಎನ್ನಲೂ ಆಗದು. 2011ರ ಜಪಾನ್ ಭೂಕಂಪದಲ್ಲಿ ಒನಾಹಾಮಾದ ಒಂದು ಘಟಕ ನಿಂತಿತು. ಕಾರಿನ ಬಣ್ಣಕ್ಕೆ ಹೊಳಪು ಕೊಡುವ ಒಂದು ಬಗೆಯ ಪುಡಿ ಜಗತ್ತಿನಲ್ಲಿ ಅಲ್ಲಿ ಮಾತ್ರ ತಯಾರಾಗುತ್ತಿತ್ತು. ಅಮೆರಿಕದಲ್ಲಿ ಫೋರ್ಡ್, ಕ್ರೈಸ್ಲರ್ ಕೆಲವು ಕಪ್ಪು, ಕೆಂಪು ಬಣ್ಣಗಳ ಆರ್ಡರ್‌ಗಳಿಗೆ ಕಡಿವಾಣ ಹಾಕಿದವು. 2025ರ ಏಪ್ರಿಲ್‌ನಲ್ಲಿ ಚೀನಾ ಕೆಲವು ವಿರಳ ಭೂಲೋಹಗಳ ಮತ್ತು ಅವುಗಳ ಅಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದ ಮೇಲೆ ಷಿಕಾಗೊದ ಫೋರ್ಡ್ ಕಾರ್ಖಾನೆಯೂ ಜಪಾನಿನ ಸುಜುಕಿ ಸ್ವಿಫ್ಟ್ ಲೈನೂ ಕೆಲಕಾಲ ನಿಂತವು. ವಿದ್ಯುತ್ ಕಾರಿನಲ್ಲಿ ಈ ಅವಲಂಬನೆ ಇನ್ನೂ ಆಳದ್ದು, ಏಕೆಂದರೆ ಅಲ್ಲಿ ಬ್ಯಾಟರಿಯೊಂದೇ ಅತಿ ದುಬಾರಿ ಭಾಗ. ಸೆಲ್‌ಗಳನ್ನು ಹೊರಗಿನಿಂದ ತರಿಸಿ ಪೆಟ್ಟಿಗೆಗೆ ತುಂಬಿಸುವ ಕೆಲಸವನ್ನಷ್ಟೇ ಮಾಡಿ ‘ಸ್ವದೇಶಿ ಬ್ಯಾಟರಿ’ ಎಂದು ಜಾಹೀರಾತು ಕೊಡುವವರನ್ನು ಕಂಡರೆ ನನಗೆ ಟೊಪೊಲಿನೊ ಮೇಲೆ ಆ ಸ್ಟಿಕರ್ ಅಂಟಿಸಿದವರೇ ವಾಸಿ ಅನಿಸುತ್ತದೆ.

ಕೊಳ್ಳುವವರು ಏನು ಮಾಡಬೇಕು? ಎರಡು ಕಾರು ನಿಮ್ಮ ಅಗತ್ಯಕ್ಕೂ ಜೇಬಿಗೂ ಸರಿಸಮ ಇದ್ದರೆ, ದೇಶದೊಳಗೆ ಜೋಡಣೆಯಾಗುವುದನ್ನು ಆರಿಸಿ. ಅಂತಿಮ ಜೋಡಣೆ ಎಲ್ಲಿ, ಎಂಜಿನ್ ಅಥವಾ ಬ್ಯಾಟರಿಯ ಸೆಲ್ ಎಲ್ಲಿಯದು ಎಂಬ ಎರಡು ಪ್ರಶ್ನೆ ಡೀಲರ್ ಹತ್ತಿರ ಕೇಳಿ. ಬಾಯಿಮಾತಿಗಿಂತ ಬರವಣಿಗೆಯ ಉತ್ತರ ಒಳ್ಳೆಯದು. ದೇಶಿ ಕಾರು ಸುರಕ್ಷತೆಯಲ್ಲೋ ಬಾಳಿಕೆಯಲ್ಲೋ ಹಿಂದಿದ್ದರೆ ಕೊಳ್ಳಬೇಡಿ. ಕೆಟ್ಟ ಕಾರಿಗೆ ಸಿಗುವ ಕನಿಕರದ ಆರ್ಡರ್‌ನಿಂದ ಯಾವ ವೆಂಡರೂ ಉದ್ಧಾರವಾದದ್ದನ್ನು ನಾನು ಕಂಡಿಲ್ಲ.

ಒಬ್ಬ ಗ್ರಾಹಕ ಹಲವು ವರ್ಷಕ್ಕೊಮ್ಮೆ ಕೊಳ್ಳುವ ಒಂದು ಕಾರಿಗಿಂತ, ಒಂದೇ ಸಲ ಸಾವಿರಾರು ಗಾಡಿ ಕೊಳ್ಳುವ ಸರ್ಕಾರಿ ಇಲಾಖೆ, ಟ್ಯಾಕ್ಸಿ ಕಂಪನಿಗಳ ಮಾತು ಹೆಚ್ಚು ನಡೆಯುತ್ತದೆ. ಕಾರ್ಖಾನೆ ಎಲ್ಲಿ ಕಟ್ಟಬೇಕು ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ವ್ಯಾಪಾರ ನಿಯಮಗಳು. 1981ರಲ್ಲಿ ಅಮೆರಿಕದ ಒತ್ತಡಕ್ಕೆ ಮಣಿದ ಜಪಾನ್, ಅಲ್ಲಿಗೆ ವರ್ಷಕ್ಕೆ 16.8 ಲಕ್ಷ ಕಾರು ಮಾತ್ರ ಕಳಿಸುವುದಾಗಿ ಒಪ್ಪಿತು. ಮರುವರ್ಷವೇ ಓಹಾಯೊದ ಮೇರಿಸ್‌ವಿಲ್‌ನಲ್ಲಿ ಹೋಂಡಾ ಅಕಾರ್ಡ್ ತಯಾರಾಗತೊಡಗಿತು. ಹೋಂಡಾ ಆ ನಿರ್ಧಾರವನ್ನು ಮಿತಿ ಬರುವ ಮುಂಚೆಯೇ ಮಾಡಿತ್ತು. ಉಳಿದ ಜಪಾನಿ ಕಂಪನಿಗಳನ್ನು ಅಲ್ಲಿಗೆ ತಳ್ಳಿದ್ದರಲ್ಲಿ ಆ ಮಿತಿಯ ಪಾತ್ರ ದೊಡ್ಡದು. ಅವರ ಬೆನ್ನಿಗೆ ಅವರ ಸೀಟಿನ ವೆಂಡರುಗಳೂ ಹೋದರು.