ಮನೆ, ಊರು, ಜಿಲ್ಲೆ: ಕರ್ನಾಟಕದ ಸಮೀಕ್ಷೆಗಳ ಅಂಕಿ ಓದುವಾಗ ನಾನು ಎಡವಿದ ಜಾಗಗಳು

ಸಂಶೋಧನಾ ವಿಧಾನದ ಪತ್ರಿಕೆಗೆ ಓದುತ್ತಿರುವ ಸಹಪಾಠಿಗಳಿಗಾಗಿ ಈ ಟಿಪ್ಪಣಿ. ಕರ್ನಾಟಕದ ಶಾಲಾ ಶಿಕ್ಷಣ ಮತ್ತು ಸಾರ್ವಜನಿಕ ಸೇವೆಗಳ ಬಗ್ಗೆ ನಡೆದ ಸಮೀಕ್ಷೆಗಳನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಮಾದರಿ ಎಂದರೇನು, ಪ್ರಶ್ನಾವಳಿ ಹೇಗಿರಬೇಕು ಎಂಬುದೆಲ್ಲ ಪಠ್ಯದಲ್ಲೇ ಸ್ಪಷ್ಟವಾಗಿರುವುದರಿಂದ ಅವನ್ನು ಬಿಟ್ಟಿದ್ದೇನೆ. ಕಿರುಪರೀಕ್ಷೆಯಲ್ಲಿ ನಾನು ಧೈರ್ಯವಾಗಿ ತಪ್ಪು ಬರೆದು ಬಂದ ಒಂದು ಪ್ರಶ್ನೆಯೇ ಇಲ್ಲಿ ಹೆಚ್ಚು ಜಾಗ ತಿಂದಿದೆ.

ಮೂಲಗಳು

ಪ್ರಥಮ್ ಸಂಸ್ಥೆಯ ಆಶ್ರಯದಲ್ಲಿ 2005ರಿಂದ ನಡೆಯುತ್ತಿರುವ ‘ಅಸರ್’ ಗ್ರಾಮೀಣ ಮಕ್ಕಳ ಓದು ಮತ್ತು ಲೆಕ್ಕದ ಮಟ್ಟವನ್ನು ಮನೆಬಾಗಿಲಲ್ಲಿ ಅಳೆಯುವ ಸಮೀಕ್ಷೆ. ಐದನೆಯ ಸುತ್ತಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಾಗಿ ನಮ್ಮ ರಾಜ್ಯದಲ್ಲಿ 2019ರಲ್ಲಿ 26,574 ಕುಟುಂಬಗಳಿಂದ ಮಾಹಿತಿ ಪಡೆಯಲಾಯಿತು. ಯು-ಡೈಸ್ ಎನ್ನುವುದು ಸಮೀಕ್ಷೆಯಲ್ಲ. ಪ್ರತಿ ಶಾಲೆಯೂ ತನ್ನ ಬಗ್ಗೆ ತಾನೇ ತುಂಬಿ ಕೊಡುವ ಲೆಕ್ಕ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯೂ ಮಾದರಿ ಸಮೀಕ್ಷೆಯಲ್ಲ. ಅಂದಿನ 175 ತಾಲ್ಲೂಕುಗಳನ್ನು ಸೂಚ್ಯಂಕದಲ್ಲಿ ಅಳೆದು 114 ಹಿಂದುಳಿದಿವೆ ಎಂದ ವರದಿ ಅದು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್‌ನ ನಾಗರಿಕ ವರದಿ ಕಾರ್ಡಿನ ವಿಷಯ ಕೊನೆಯಲ್ಲಿ ಬರುತ್ತದೆ.

ನನ್ನನ್ನು ಕೆಡವಿದ ಪ್ರಶ್ನೆ: ದೊಡ್ಡ ಊರಿಗೆ ಪಕ್ಷಪಾತವೇ?

ಅಸರ್‌ನಲ್ಲಿ ಪ್ರತಿ ಜಿಲ್ಲೆಯಿಂದ 30 ಹಳ್ಳಿ, ಪ್ರತಿ ಹಳ್ಳಿಯಿಂದ 20 ಮನೆ, ಒಟ್ಟು 600 ಮನೆಗಳನ್ನು ಆರಿಸಲಾಗುತ್ತದೆ. ಹಳ್ಳಿಗಳನ್ನು ಆರಿಸುವಾಗ ಜನಗಣತಿಯ ಪಟ್ಟಿಯನ್ನು ಇಟ್ಟುಕೊಂಡು, ಹಳ್ಳಿ ಎಷ್ಟು ದೊಡ್ಡದೋ ಅದು ಆಯ್ಕೆಯಾಗುವ ಸಾಧ್ಯತೆಯೂ ಅಷ್ಟು ಹೆಚ್ಚಿರುವಂತೆ ನೋಡಿಕೊಳ್ಳುತ್ತಾರೆ. ‘ಈ ಕ್ರಮದ ದೋಷವೇನಾದರೂ ಇದೆಯೇ?’ ಎಂಬ ಪ್ರಶ್ನೆಗೆ ನಾನು ‘ದೊಡ್ಡ ಊರಿನವರಿಗೆ ಹೆಚ್ಚು ಅವಕಾಶ ಸಿಗುವುದರಿಂದ ಫಲಿತಾಂಶ ಅವರ ಕಡೆಗೆ ವಾಲುತ್ತದೆ’ ಎಂದು ಬರೆದೆ. ಸೊನ್ನೆ ಬಂತು. ಉತ್ತರ ಯಾಕೆ ತಪ್ಪು ಎಂದು ಅರ್ಥವಾಗಲು ಎರಡು ದಿನ ಹಿಡಿಯಿತು. ಕೊನೆಗೆ ಅಡುಗೆಮನೆಯಿಂದ ಹುಣಸೆಬೀಜ ತಂದು ನೆಲದ ಮೇಲೆ ಊರು ಕಟ್ಟಿಕೊಂಡ ಮೇಲೆಯೇ ಅದು ತಲೆಗೆ ಹೋದದ್ದು.

ಒಂದು ಜಿಲ್ಲೆಯಲ್ಲಿ 2,00,000 ಗ್ರಾಮೀಣ ಮನೆಗಳಿವೆ ಎಂದುಕೊಳ್ಳೋಣ. ಅದರಲ್ಲಿ ದೊಡ್ಡಹಳ್ಳಿಗೆ 500 ಮನೆ, ಚಿಕ್ಕಹಳ್ಳಿಗೆ 100 ಮನೆ. (ಊರೂ ಅಂಕಿಯೂ ನನ್ನ ಕಲ್ಪನೆ.) ಜಿಲ್ಲೆಯ ಪ್ರತಿ ಮನೆಗೂ ಒಂದರಂತೆ ಊರಿನ ಹೆಸರು ಬರೆದ ಚೀಟಿಗಳನ್ನು ಒಂದು ಕೊಪ್ಪರಿಗೆಗೆ ಹಾಕಿ, 30 ಚೀಟಿ ಎತ್ತಿ, ಚೀಟಿಯಲ್ಲಿ ಬಂದ ಊರಿಗೆ ಹೋಗುತ್ತೇವೆ. ದೊಡ್ಡಹಳ್ಳಿಯ ಹೆಸರಿನಲ್ಲಿ ಐದು ಪಟ್ಟು ಚೀಟಿಗಳಿರುವುದರಿಂದ ಅದರ ಅವಕಾಶವೂ ಐದು ಪಟ್ಟು. ಲೆಕ್ಕದಲ್ಲಿ ಹೇಳುವುದಾದರೆ ದೊಡ್ಡಹಳ್ಳಿಗೆ 30 × 500 ÷ 2,00,000, ಅಂದರೆ 0.075, ಚಿಕ್ಕಹಳ್ಳಿಗೆ 30 × 100 ÷ 2,00,000, ಅಂದರೆ 0.015.

ನಾನು ಇಲ್ಲಿಗೇ ನಿಂತಿದ್ದೆ, ತಪ್ಪಾದದ್ದೂ ಇಲ್ಲಿಯೇ. ನಾವು ಕೇಳಬೇಕಾದದ್ದು ಊರಿನ ಅವಕಾಶವನ್ನಲ್ಲ, ಮನೆಯ ಅವಕಾಶವನ್ನು. ಊರೊಳಗೆ ಕಾಲಿಟ್ಟ ಮೇಲೆ ದೊಡ್ಡಹಳ್ಳಿಯಲ್ಲೂ 20 ಮನೆ, ಚಿಕ್ಕಹಳ್ಳಿಯಲ್ಲೂ 20 ಮನೆ. ದೊಡ್ಡಹಳ್ಳಿಯ ಒಂದು ಮನೆಗೆ ಊರೊಳಗಿನ ಅವಕಾಶ 20 ÷ 500, ಅಂದರೆ 0.04, ಚಿಕ್ಕಹಳ್ಳಿಯ ಮನೆಗೆ 20 ÷ 100, ಅಂದರೆ 0.2. ಮೊದಲ ಹಂತದಲ್ಲಿ ಐದು ಪಟ್ಟು ಗಳಿಸಿದ ಊರು ಎರಡನೆಯ ಹಂತದಲ್ಲಿ ಸರಿಯಾಗಿ ಅದೇ ಐದು ಪಟ್ಟನ್ನು ಕಳೆದುಕೊಳ್ಳುತ್ತದೆ. ಗುಣಿಸಿ ನೋಡಿ: 0.075 × 0.04 = 0.003, 0.015 × 0.2 = 0.003. ಊರಿನ ಗಾತ್ರ ಮೊದಲ ಹಂತದಲ್ಲಿ ಅಂಶದ ಜಾಗದಲ್ಲಿಯೂ ಎರಡನೆಯ ಹಂತದಲ್ಲಿ ಛೇದದ ಜಾಗದಲ್ಲಿಯೂ ಬಂದು ಹೊಡೆದುಹೋಗುತ್ತದೆ. ಕೊನೆಗೆ ಉಳಿಯುವುದು 600 ÷ 2,00,000 ಮಾತ್ರ, ಅದು ಜಿಲ್ಲೆಯ ಎಲ್ಲ ಮನೆಗೂ ಒಂದೇ.

ನಾನು ‘ನ್ಯಾಯ’ ಎಂದುಕೊಂಡಿದ್ದ ಕ್ರಮವನ್ನೂ ಪರೀಕ್ಷಿಸಿ ನೋಡಿದೆ. ಜಿಲ್ಲೆಯಲ್ಲಿ 600 ಹಳ್ಳಿಗಳಿದ್ದು ಎಲ್ಲಕ್ಕೂ ಸಮಾನ ಅವಕಾಶ ಕೊಟ್ಟರೆ ಪ್ರತಿ ಊರಿಗೆ 30 ÷ 600, ಅಂದರೆ 0.05. ಆಗ ದೊಡ್ಡಹಳ್ಳಿಯ ಮನೆಗೆ 0.002, ಚಿಕ್ಕಹಳ್ಳಿಯ ಮನೆಗೆ 0.01. ಊರುಗಳಿಗೆ ಸಮಾನತೆ ತಂದ ಕೂಡಲೇ ಮನೆಗಳ ನಡುವೆ ಐದು ಪಟ್ಟು ಅಸಮಾನತೆ ಹುಟ್ಟಿತು. ಪಕ್ಷಪಾತವಿದ್ದದ್ದು ನನ್ನ ಕ್ರಮದಲ್ಲಿ.

ಈ ಹೊಡೆದುಹೋಗುವಿಕೆ ಜಿಲ್ಲೆಯ ಗಡಿಯೊಳಗೆ ಮಾತ್ರ ನಡೆಯುತ್ತದೆ ಎಂಬುದನ್ನು ಮರೆಯಬಾರದು. 2011ರ ಜನಗಣತಿಯಂತೆ ಬೆಳಗಾವಿ ಜಿಲ್ಲೆಯ ಜನಸಂಖ್ಯೆ ಸುಮಾರು 47.8 ಲಕ್ಷ, ಕೊಡಗಿನದು ಸುಮಾರು 5.5 ಲಕ್ಷ. ಎರಡರಿಂದಲೂ ಬರುವುದು 600 ಮನೆಗಳೇ ಆದ್ದರಿಂದ ಕೊಡಗಿನ ಒಂದು ಮನೆಗೆ ಆಯ್ಕೆಯಾಗುವ ಅವಕಾಶ ಬೆಳಗಾವಿಯ ಮನೆಗಿಂತ ಹಲವು ಪಟ್ಟು ಹೆಚ್ಚು. ಓದಬಲ್ಲ ಮಕ್ಕಳು ಬೆಳಗಾವಿಯಲ್ಲಿ ಶೇ. 40, ಕೊಡಗಿನಲ್ಲಿ ಶೇ. 60 ಎಂದು ಊಹಿಸಿಕೊಂಡರೆ ಸರಳ ಸರಾಸರಿ ಶೇ. 50 ಬರುತ್ತದೆ, ಜನಸಂಖ್ಯೆಯ ತೂಕ ಕೊಟ್ಟರೆ ಶೇ. 42ರ ಆಸುಪಾಸಿಗೆ ಇಳಿಯುತ್ತದೆ. ರಾಜ್ಯದ ಅಂಕಿಗೆ ತೂಕ ಬೇಕು ಎನ್ನುವುದರ ಅರ್ಥ ಇಷ್ಟೇ. ಅಸರ್ ಗ್ರಾಮೀಣ ಸಮೀಕ್ಷೆಯಾದ್ದರಿಂದ ನಿಜವಾದ ತೂಕಕ್ಕೆ ಗ್ರಾಮೀಣ ಭಾಗದ ಲೆಕ್ಕವೇ ಬೇಕು. ಇಲ್ಲಿ ಹೋಲಿಕೆ ಸುಲಭವಾಗಲೆಂದು ಇಡೀ ಜಿಲ್ಲೆಯದನ್ನು ಬಳಸಿದ್ದೇನೆ.

600 ಮನೆ ಎಂದರೆ 600 ಮಕ್ಕಳಲ್ಲ

ಊರಿನಲ್ಲಿ ಆರಿಸಿದ ಇಪ್ಪತ್ತು ಮನೆಗಳಲ್ಲಿ ಮಕ್ಕಳಿಲ್ಲದ ಮನೆಗಳೂ ಇರಬಹುದು. ಇರುವ ಮಕ್ಕಳೂ ಎಲ್ಲ ತರಗತಿಗಳಲ್ಲಿ ಹಂಚಿಹೋಗಿರುತ್ತಾರೆ. ಒಂದು ಜಿಲ್ಲೆಯಲ್ಲಿ ಮೂರನೆಯ ತರಗತಿಯವರು 60 ಮಂದಿ ಸಿಕ್ಕರೆಂದರೆ, ಶೇ. 50ರ ಅಂದಾಜಿಗೆ ಆಚೀಚೆ ಸುಮಾರು 13 ಶೇಕಡಾ ಅಂಶಗಳ ತೂಗಾಟ ಇರುತ್ತದೆ. ಒಂದೇ ಊರಿನ ಮಕ್ಕಳು ಒಂದೇ ಶಾಲೆಗೆ ಹೋಗುವುದರಿಂದ ನಿಜದಲ್ಲಿ ಅದಕ್ಕಿಂತಲೂ ಹೆಚ್ಚು. ಜಿಲ್ಲಾ ಮಟ್ಟದಲ್ಲಿ ತರಗತಿಗಳನ್ನು ಗುಂಪುಗೂಡಿಸಿ ಹೇಳುವುದು ಇದೇ ಕಾರಣಕ್ಕೆ. ಈ ಮಾದರಿಯಿಂದ ತಾಲ್ಲೂಕಿನ ಅಂಕಿ ತೆಗೆಯಲು ಹೋಗಬಾರದು. ನಂಜುಂಡಪ್ಪ ವರದಿಯ ತಾಲ್ಲೂಕು ಪಟ್ಟಿಯ ಪಕ್ಕದಲ್ಲಿ ಅಸರ್ ಅಂಕಿಯನ್ನು ಇಟ್ಟು ಹೋಲಿಸಿದ ಒಂದು ಪ್ರಬಂಧ ನನ್ನದೂ ಇತ್ತು, ಅದನ್ನು ಹಿಂದಕ್ಕೆ ಪಡೆದಿದ್ದೇನೆ.

ಅಸರ್‌ನ ಓದಿನ ಕೋಷ್ಟಕದಲ್ಲಿ ಇನ್ನೊಂದು ಗುಂಡಿ ಇದೆ. ಮಗುವಿಗೆ ಅಕ್ಷರ, ಪದ, ಒಂದನೆಯ ತರಗತಿಯ ಪಠ್ಯ, ಎರಡನೆಯ ತರಗತಿಯ ಪಠ್ಯ ಇರುವ ಹಾಳೆ ಕೊಟ್ಟು, ಅದು ಮುಟ್ಟಿದ ಅತಿ ಮೇಲಿನ ಮಟ್ಟವನ್ನು ಮಾತ್ರ ಬರೆದುಕೊಳ್ಳುತ್ತಾರೆ. ಸಾಲು ಹೀಗಿದೆ ಎನ್ನಿ: ಅಕ್ಷರವೂ ಇಲ್ಲ 15, ಅಕ್ಷರ 30, ಪದ 25, ಒಂದನೆಯ ಪಠ್ಯ 15, ಎರಡನೆಯ ಪಠ್ಯ 15. ಪದ ಓದಬಲ್ಲವರು ಶೇ. 25 ಅಲ್ಲ, 25, 15, 15 ಕೂಡಿ ಶೇ. 55. ಎರಡನೆಯ ತರಗತಿಯ ಪಠ್ಯ ಓದುವ ಮಗುವಿಗೆ ಪದ ಓದಲು ಬರುವುದಿಲ್ಲವೇ?

ಬೀಗ ಹಾಕಿದ ಶೌಚಾಲಯ

ಅಸರ್ ಸಮೀಕ್ಷಕರು ಮನೆಗಳ ಜೊತೆಗೆ ಊರಿನ ಒಂದು ಸರ್ಕಾರಿ ಶಾಲೆಯನ್ನೂ ನೋಡಿ ಬರುತ್ತಾರೆ. ಹೆಣ್ಣುಮಕ್ಕಳ ಶೌಚಾಲಯದ ಸಾಲಿನಲ್ಲಿ ನಾಲ್ಕು ಉತ್ತರಗಳಿವೆ: ಪ್ರತ್ಯೇಕವಾಗಿ ಇಲ್ಲವೇ ಇಲ್ಲ; ಇದೆ, ಆದರೆ ಬೀಗ ಹಾಕಿದೆ; ಇದೆ, ಬೀಗವಿಲ್ಲ, ಆದರೆ ಬಳಸುವಂತಿಲ್ಲ; ಇದೆ, ಬೀಗವಿಲ್ಲ, ಬಳಸುವಂತಿದೆ. ಕಟ್ಟಡ ಇದೆಯೇ ಎಂದು ಮಾತ್ರ ಕೇಳಿದರೆ ಕೊನೆಯ ಮೂರೂ ‘ಹೌದು’ ಆಗುತ್ತವೆ. ಶಾಲೆ ತುಂಬಿ ಕೊಟ್ಟ ಲೆಕ್ಕಕ್ಕೂ ಬಾಗಿಲು ತಳ್ಳಿ ನೋಡಿದ ಲೆಕ್ಕಕ್ಕೂ ಅಂತರ ಬಂದಾಗ ಯಾರೋ ಸುಳ್ಳು ಹೇಳಿದ್ದಾರೆ ಎಂದು ಬರೆಯುವ ಮೊದಲು, ಎರಡೂ ಕಡೆ ಕೇಳಿದ ಪ್ರಶ್ನೆ ಒಂದೇ ಆಗಿತ್ತೇ ಎಂದು ನೋಡಬೇಕು. ಹಾಗೆಯೇ, ಬಿಸಿಯೂಟದ ಯೋಜನೆ ಇದೆ ಎನ್ನುವುದು ಒಂದು ಅಂಕಿ, ಭೇಟಿ ಕೊಟ್ಟ ದಿನ ಊಟ ಬಡಿಸಿದ್ದರು ಎನ್ನುವುದು ಬೇರೆ ಅಂಕಿ.

ಬೆಂಗಳೂರಿನ ವರದಿ ಕಾರ್ಡು

ಪಬ್ಲಿಕ್ ಅಫೇರ್ಸ್ ಸೆಂಟರ್‌ನ ಸ್ಥಾಪಕ ಸ್ಯಾಮ್ಯುಯಲ್ ಪಾಲ್ ಮುಂದಾಳತ್ವದಲ್ಲಿ ರೂಪುಗೊಂಡ ನಾಗರಿಕ ವರದಿ ಕಾರ್ಡು 1994ರಲ್ಲಿ ಮೊದಲಿಗೆ ಹೊರಬಂತು. 1999 ಮತ್ತು 2003ರಲ್ಲಿ ಮತ್ತೆ ನಡೆಯಿತು. ವಿದ್ಯುತ್, ನೀರು, ದೂರವಾಣಿ, ಸಾರಿಗೆ ಮುಂತಾದ ಸೇವೆಗಳನ್ನು ಬಳಸಿದವರನ್ನೇ ಕೇಳಿ ಅಂಕ ಕೊಡಿಸಿದ್ದು ಇದರ ಹೊಸತನ. ಸಮಸ್ಯೆ ಹೊತ್ತು ಕಚೇರಿಗೆ ಹೋದವರಲ್ಲಿ ಎಷ್ಟು ಮಂದಿಗೆ ತೃಪ್ತಿಯಾಯಿತು ಎಂಬ ಅಂಕಿಯಲ್ಲಿ, ‘ಅಲೆದು ಪ್ರಯೋಜನವಿಲ್ಲ’ ಎಂದು ಹೋಗದೆಯೇ ಉಳಿದವರು ಛೇದಕ್ಕೇ ಸೇರುವುದಿಲ್ಲ. ಆದ್ದರಿಂದ ಒಂದು ಕಚೇರಿಯ ತೃಪ್ತಿಯ ಪ್ರಮಾಣ ಏರಿದರೆ ಸೇವೆ ಸುಧಾರಿಸಿರಬಹುದು, ಬೇಸತ್ತವರು ಬರುವುದನ್ನು ಬಿಟ್ಟಿರಲೂಬಹುದು. ಹೋದವರ ಸಂಖ್ಯೆಯನ್ನು ಪಕ್ಕದಲ್ಲಿಟ್ಟು ನೋಡದೆ ಎರಡನ್ನೂ ಬೇರ್ಪಡಿಸಲಾಗದು. ಸಾಮಾನ್ಯ ಕುಟುಂಬಗಳನ್ನೂ ಕೊಳೆಗೇರಿ ಕುಟುಂಬಗಳನ್ನೂ ಬೇರೆ ಬೇರೆಯಾಗಿ ಸಮೀಕ್ಷೆ ಮಾಡಿದ್ದರಿಂದ ಎರಡು ಅಂಕಿಗಳನ್ನು ಕೂಡಿ ಎರಡರಿಂದ ಭಾಗಿಸುವಂತಿಲ್ಲ. ಬೆಳಗಾವಿ-ಕೊಡಗಿನ ತೊಡಕೇ ಇಲ್ಲಿಯೂ ಇದೆ.

ಅಭ್ಯಾಸಕ್ಕೆ ಒಂದು ಲೆಕ್ಕ

ಗಣತಿಯ ಪಟ್ಟಿ 2011ರದು. ಸಮೀಕ್ಷಕರು 2024ರಲ್ಲಿ ದೊಡ್ಡಹಳ್ಳಿಗೆ ಹೋದಾಗ ಅಲ್ಲಿ 800 ಮನೆಗಳಾಗಿವೆ, ಚಿಕ್ಕಹಳ್ಳಿ ಇದ್ದಂತೆಯೇ ಇದೆ. ಈಗ ದೊಡ್ಡಹಳ್ಳಿಯ ಮನೆಯ ಅವಕಾಶ ಎಷ್ಟು? ಕೊಪ್ಪರಿಗೆಯಲ್ಲಿ ಹಳೆಯ 500 ಚೀಟಿಗಳೇ ಇವೆ, ಊರೊಳಗೆ 20 ÷ 800. ಆದ್ದರಿಂದ 0.075 × 0.025, ಅಂದರೆ 0.001875, ಚಿಕ್ಕಹಳ್ಳಿಯದು 0.003ರಲ್ಲೇ ಇದೆ. ದೊಡ್ಡಹಳ್ಳಿಯ ಪ್ರತಿ ಮನೆಯ ಉತ್ತರಕ್ಕೆ 1.6ರ ತೂಕ ಕೊಟ್ಟರೆ ಎರಡೂ ಸಮವಾಗುತ್ತವೆ.